ಮೂವತ್ತೆರಡನೆಯ ಚಿತ್ರ

ಮಾರ್ಚ್ ೧೪

ಪ್ರೀತಿಯ ಅಳಿಲಮ್ಮನಿಗೆ ಅಪ್ಪನ ಆಶೀರ್ವಾದಗಳು.

ತಡವಾಯಿತು, ಬೈಯಬೇಡ. ಹತ್ತು ದಿನದಿಂದ ಕಾಗದದ ಮುಂದೆ ಕೂತು ಏಳುತ್ತಿದ್ದೇನೆ.

ಈ ಕಥೆಯನ್ನು ಮೊದಲು ಹೇಳಿದವನು ನಿನ್ನ ಚಿತ್ರಗಳಿಗೆ ಚೌಕಟ್ಟು ಕಟ್ಟುವವನು. ಹೊಸ ಕೋಣೆ ತೆರೆದ ಆ ಭಾನುವಾರ, ನೀನು ಬಾಗಿಲಿಗೆ ಬಂದದ್ದನ್ನು ನೋಡದೆ. "ಯಜಮಾನ್ರು ನನಗೆ ಎಷ್ಟು ವೇಷ ಹಾಕ್ಸಿದಾರೆ ಗೊತ್ತಾ? ಒಂದು ಪ್ರದರ್ಶನಕ್ಕೆ ಡಾಕ್ಟ್ರು, ಇನ್ನೊಂದಕ್ಕೆ ಹೋಟೆಲ್ ಮಾಲೀಕ! ಮಗಳ ಚಿತ್ರಾನೆಲ್ಲ ಕೊಂಡ್ಕೊಂಡಿದ್ದು ನಾನೇ!" ನೆಂಟರೆಲ್ಲ ನಕ್ಕರು. ನಾನೂ ನಕ್ಕೆ. ತಿರುಗಿದರೆ ನೀನು, ಗೋಡೆಯ ಚಿತ್ರಗಳನ್ನು ಎಣಿಸುತ್ತಾ.

"ಹಾಗಾದ್ರೆ ಬೇರೆ ಯಾರೂ ಕೊಂಡೇ ಇಲ್ವಾ ಅಪ್ಪ?"

ನಾನು ನೆಂಟರಿಗೆ ಕಾಫಿ ತರಲು ಹೊರಟೆ.

ನಿನ್ನ ಮೊದಲ ಪ್ರದರ್ಶನದಲ್ಲಿ ಸಂಜೆಯಾದರೂ ಒಂದೂ ಹೋಗಿರಲಿಲ್ಲ. ನೀನು ಮೂಲೆಯಲ್ಲಿ ಉಗುರು ಕಚ್ಚುತ್ತಾ ನಿಂತಿದ್ದೆ. ನೋಡಲಾರದೆ ನಾನು ಚೌಕಟ್ಟಿನವನ ಕೈಯಲ್ಲಿ ಒಂದು ಕೊಳ್ಳಿಸಿದೆ. ನೀನು ಕುಣಿದುಕೊಂಡು ಮನೆಗೆ ಬಂದೆ. ಆಮೇಲೆ ನಿಲ್ಲಿಸುವುದು ಹೇಗೆ? ಚಿತ್ರಗಳು ಅಟ್ಟ ತುಂಬಿದವು. ಅವು ಕತ್ತಲಲ್ಲಿರಬಾರದೆಂದು ಮನೆಯ ಹಿಂದಿನ ಬಂಡೆ ಕಡಿಸಿ ಕೋಣೆ ಕಟ್ಟಿಸಲು ಹೊರಟೆ. "ಗುಡ್ಡ ಮಲಗಿದೆ ಸಾರ್, ಎಬ್ಬಿಸ್ಬೇಡಿ" ಎಂದ ಇಂಜಿನಿಯರು. ನಾನು ಕೇಳುವ ಜಾತಿಯೇ? ಇಳಿಜಾರಿನ ಕಡೆ ಗಾಜು, ಮೇಲಿಂದ ಉತ್ತರದ ಬೆಳಕು, ಮೂವತ್ತೆರಡು ಚಿತ್ರಕ್ಕೆ ಮೂವತ್ತೆರಡು ದೀಪ. ನೀನು ಹಿಗ್ಗುತ್ತೀಯೆಂದುಕೊಂಡಿದ್ದೆ, ಪೆದ್ದ.

ಮರುದಿನ ಬೆಳಿಗ್ಗೆ ನೀನು ಕುಂಚಗಳನ್ನು ಕಸದ ಡಬ್ಬಿಗೆ ಹಾಕಿ ಮೊದಲ ಬಸ್ಸು ಹತ್ತಿದೆ. ನಿನ್ನಮ್ಮ ಅವನ್ನು ಹೆಕ್ಕಿ, ತೊಳೆದು, ಕಿಟಕಿಯಲ್ಲಿ ಒಣಗಲಿಟ್ಟಳು. "ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ರೀ" ಎಂದಳು. ಅಂದಿನಿಂದ ನನ್ನೊಡನೆ ಮಾತಿಲ್ಲ.

ಊಟ ಬಿಡಬೇಡ. ನೂರು ಕಾಲ ಬಾಳು ಮಗಳೇ.

ನಿನ್ನ
ಅಪ್ಪ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮೂವತ್ತೆರಡನೆಯದನ್ನು, ಆ ನೀಲಿ ಮೆಟ್ಟಿಲಿನ ಚಿತ್ರವನ್ನು, ನಾನು ಕೊಂಡಿರಲಿಲ್ಲ. ಪ್ರದರ್ಶನದ ದಿನ ನಮ್ಮ ಚೌಕಟ್ಟಿನವನು ತಲುಪುವ ಮೊದಲೇ ಒಬ್ಬ ನರ್ಸಮ್ಮ ಕೊಂಡುಬಿಟ್ಟಿದ್ದಳು. ಹೊಸ ಕೋಣೆಯ ಗೋಡೆಯಲ್ಲಿ ಒಂದು ಜಾಗ ಖಾಲಿ ಉಳಿಯುತ್ತದಲ್ಲಾ ಎಂದು, ಬರೆದವಳೇ ವಾಪಸ್ ಕೇಳುತ್ತಿದ್ದಾಳೆಂದು ಸುಳ್ಳು ಹೇಳಿ, ಅವಳಿಂದ ತಂದಿದ್ದೆ. ನಿನ್ನನ್ನು ತಾನಾಗಿ ಮೆಚ್ಚಿದ್ದ ಒಂದೇ ಒಂದು ಮನೆಯಿಂದ.

ನೀನು ಹೋದ ಬೆಳಿಗ್ಗೆಯೇ ಅದನ್ನು ಬಗಲಲ್ಲಿಟ್ಟುಕೊಂಡು ಗುಡ್ಡ ಇಳಿದೆ. ನರ್ಸಮ್ಮನ ಗೋಡೆಯಲ್ಲಿ ಮೊಳೆ ಹಾಗೇ ಇತ್ತು. ತೂಗುಹಾಕಿ, ಹಿಂದೆ ಸರಿದು ನೋಡಿ, ಕೇಳಿದಳು: "ಅವರು ಈಗ ಏನು ಬರೀತಿದಾರೆ?"