ನಾಲ್ಕನೇ ಕಂಬ

ಫೆಬ್ರವರಿ 10, ಸೋಮವಾರ
ಮತ್ತೆ ಕಂಬ ತಟ್ಟುವ ಕೆಲಸ. ಶನಿವಾರದ ಭೂಕಂಪ ದೊಡ್ಡದೇನಲ್ಲ — ಬ್ಯಾಡಗಿಯ ನಮ್ಮ ಮನೆಯಲ್ಲಿ ಪಾತ್ರೆ ಸದ್ದು ಮಾಡಿದವು, ಅಷ್ಟೇ. ಆದರೂ ಇಂಜಿನಿಯರುಗಳು ಸೇತುವೆಗಳನ್ನೆಲ್ಲ ನೋಡಬೇಕೆಂದು ಇಲಾಖೆಯ ಆದೇಶ. ಐರಣಿ ಕಡೆಯದು ನನ್ನ ಪಾಲಿಗೆ. ಏಳು ಕಂಬ. ಯಾರ್ಡಿನಲ್ಲಿ ತುಂಡುಗಳಾಗಿ ಎರಕ ಹೊಯ್ದು ತಂದು, ಒಂದರ ಮೇಲೊಂದು ಕೂರಿಸಿ, ಸರಳು ಇಳಿಸಿದ ಕೊಳವೆಗಳಿಗೆ ಗ್ರೌಟ್, ಅಂದರೆ ಸಿಮೆಂಟಿನ ತೆಳು ಗಾರೆ, ತುಂಬಿದ್ದು. ಆರು ಮೇಲ್ನೋಟಕ್ಕೆ ಸರಿ. ನಾಲ್ಕನೆಯದರ ಬುಡದ ಜಾಯಿಂಟಿನಲ್ಲಿ ಬಿರುಕು. ಕೂದಲೆಳೆಯಷ್ಟು. ತಟ್ಟಿದರೆ ಟೊಳ್ಳು ಸದ್ದು... ಸೊಂಟ ನೋವು.

ಫೆಬ್ರವರಿ 11
ಸೇತುವೆ ಬಂದ್ ಮಾಡಿಸಿದೆ. ಆಚೆ ದಡದ ಬಸವಣ್ಣೆವ್ವ ಬ್ಯಾರಿಕೇಡ್ ಹಿಡಿದು ನಿಂತರು. ವಾರಕ್ಕೆ ಮೂರು ಸಲ ರಾಣೇಬೆನ್ನೂರಿಗೆ ಡಯಾಲಿಸಿಸ್‌ಗೆ ಹೋಗುವವರು.
"ಯಾಕ್ರೀ ಅಕ್ಕಾರ, ಸೇತುವಿ ನಿಂತ ಐತೆಲ್ಲಾ?"
"ಒಳಗ ಪೊಳ್ಳ ಐತೇನೋ ನೋಡಬೇಕವ್ವಾ. ಸುತ್ತ ಹಾಕಿ ಹೋಗ್ರಿ."
"ಸುತ್ತ ಹಾಕಾಕ ಎರಡು ತಾಸು. ಈ ಮೈಯಾಗ ಅಷ್ಟು ತ್ರಾಣ ಎಲ್ಲೈತಿ?"
ಬಂದ್ ಎಂಬ ಬೋರ್ಡು ಕಟ್ಟಿಸಿ ಬಂದೆ.

ಫೆಬ್ರವರಿ 14, ಸಂಜೆ 5
ಕಂಬ ಕೊರೆಸಿದೆವು. ಎಂಟು ಕೊಳವೆಗಳಲ್ಲಿ ಮೂರು ಅರ್ಧ ಖಾಲಿ. ಗ್ರೌಟ್ ಪೂರ್ತಿ ತುಂಬಿಯೇ ಇಲ್ಲ. ಹಾವೇರಿ ಆಫೀಸಿಗೆ ಬಂದು ಹಳೇ ರಿಜಿಸ್ಟರ್ ತೆಗೆದೆ. 2017, ಮೇ. ನಾಲ್ಕನೇ ಕಂಬ. ಗ್ರೌಟ್ ತುಂಬುವುದನ್ನು ಖುದ್ದು ನೋಡಿದವರು: ನಜ್ಮಾ.
ನಾನೇ. ಅಂದು ಜ್ವರ. ಗುತ್ತಲದ ರೂಮಿನಲ್ಲಿ ಮಲಗಿದ್ದೆ. ಮರುದಿನ ಹೋಗಿ ಸಹಿ ಹಾಕಿದೆ. ಪೂರ್ತಿ ತುಂಬಿದ್ದೀರಾ ಎಂದು ಗುತ್ತಿಗೆದಾರನನ್ನು ಕೇಳಲೂ ಇಲ್ಲ.

ಫೆಬ್ರವರಿ 15
ಮೇಲಧಿಕಾರಿ ಪ್ರವೀಣಕುಮಾರ ಸಾಹೇಬರಿಗೆ ರಿಜಿಸ್ಟರ್ ತೋರಿಸಿದೆ. ಎದ್ದು ಬಾಗಿಲು ಮುಚ್ಚಿದರು.
"ಭೂಕಂಪದ ಡ್ಯಾಮೇಜ್ ಅಂತ ಬರೀರಿ ಮೇಡಂ. ಸುಳ್ಳೇನಲ್ಲಲ್ಲ."
"ಹಂಗ ಬರದ್ರ ಈ ಕಂಬ ಒಂದನ್ನ ರಿಪೇರಿ ಮಾಡ್ತಾರ್ರಿ ಸರ್. ಅದ ಮಂದಿ ತುಂಬಿದ ಉಳಿದ ಆರು ಯಾರೂ ತೆರದು ನೋಡಂಗಿಲ್ಲ."
"ಮತ್ತ ನಿಮ್ಮ ನೌಕರಿ?"
ರಿಜಿಸ್ಟರ್ ಎತ್ತಿಕೊಂಡು ಬಂದೆ.

ಫೆಬ್ರವರಿ 19, ಬೆಳಿಗ್ಗೆ
ನಾಲ್ಕು ದಿನ ಏನೂ ಬರೆಯಲಾಗಲಿಲ್ಲ. ವರದಿಯನ್ನೂ.
ಎರಡು ಡಯಾಲಿಸಿಸ್ ತಪ್ಪಿ ಬಸವಣ್ಣೆವ್ವ ಆಸ್ಪತ್ರೆ ಸೇರಿದ್ದಾರೆ. ನಿನ್ನೆ ಹೋಗಿದ್ದೆ. ಮುಖ ಊದಿತ್ತು. ಹೇಳಿಬಿಟ್ಟೆ — ಆವತ್ತು ನೋಡದೆ ಸಹಿ ಮಾಡಿದವಳು ನಾನೇ ಎಂದು.
ಅವರು ಹೊದಿಕೆ ಸರಿಸಿ ನನ್ನತ್ತ ತಿರುಗಿದರು. "ಈಗ ನೋಡೀರೆಲ್ಲಾ? ನೋಡಿದ್ದು ಬರೀರಿ."
ಕ್ಷಮಿಸಿದೆ ಎನ್ನಲಿಲ್ಲ.
ಈಗಷ್ಟೇ ವರದಿ ಕಳಿಸಿದೆ. ಅದರಲ್ಲಿ ಬರೆದದ್ದಿಷ್ಟು: ಏಳೂ ಕಂಬ ತೆರೆಯಬೇಕು. ಗ್ರೌಟ್ ತುಂಬಿದ ದಿನ ಅಲ್ಲಿರಬೇಕಾದವಳು ನಾನು, ಇರಲಿಲ್ಲ.

ಫೆಬ್ರವರಿ 27
ಅಮಾನತು ಪತ್ರ ಬಂತು. ಮಧ್ಯಾಹ್ನ ಸಾಹೇಬರ ಫೋನ್.
"ಆರನೇದೂ ಪೊಳ್ಳ ಐತ್ರಿ ಮೇಡಂ. ನಾಲ್ಕನೇದಕ್ಕಿಂತ ಹೆಚ್ಚ."
ಫೋನ್ ಇಟ್ಟೆ. ಸಮಾಧಾನವೇ? ಗೊತ್ತಿಲ್ಲ. ಸುಸ್ತು. ಬಸವಣ್ಣೆವ್ವನಿಗೆ ಹೇಳಿ ಬರಬೇಕು. ನೋಡಿದ್ದು ಬರೆದೆ ಎಂದು; ಸೇತುವೆ ಸದ್ಯಕ್ಕೆ ತೆರೆಯುವುದಿಲ್ಲ ಎಂದು.