ಬೀಗರು ಗೆದ್ದ ಪದ

ಜೂನ್ ೧೪, ಸಂಜೆ

ಮುದ್ದಿನ ಮಗಳಿಗೆ, ಅಪ್ಪನ ತುಂಬು ಆಶೀರ್ವಾದ.

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು ಎನ್ನೋಣವೆಂದರೆ, ತಪ್ಪಿನಲ್ಲಿ ನಿನಗೂ ಪಾಲಿದೆಯಮ್ಮಾ. "ಮಾವನೋರೂ ನೀವೂ ಮೊದಲು ಮಾತಾಡಿ, ಅಲ್ಲೀವರೆಗೂ ನನಗೆ ಕಾಗದ ಬೇಡ" ಎಂದು ಬರೆದವಳು ನೀನು. ಇವತ್ತು ಮಾತಾಡಿದೆವು. ಎದೆಯ ಮೇಲಿನ ಭಾರ ಇಳಿಯಿತು.

ಜಗಳದ ಮೂಲ ನಿನಗೆ ಗೊತ್ತೇ ಇದೆ. ಬೈಬಲ್ ಅನುವಾದ ಸಮಿತಿಯಲ್ಲಿ ನಾವಿಬ್ಬರೂ ಎದುರುಬದುರು ಕೂರುವವರು. ಗ್ರೀಕಿನ 'ಎಕ್ಲೇಸಿಯ' ಎಂದರೆ ಕರೆದಾಗ ಬಂದು ಕೂಡಿದ ಜನ, ಕಟ್ಟಡವಲ್ಲ. 'ಸಭೆ' ಎನ್ನೋಣ ಎಂದೆ ನಾನು. ನಿನ್ನ ಮಾವ ಪಾದ್ರಿಗಳಲ್ಲವೇ, "ಷೇರುದಾರರ ಸಭೆ, ಬಾಡಿಗೆದಾರರ ಸಭೆ, ಅದರ ಸಾಲಿಗೆ ನಮ್ದೂ ಒಂದಾ? ಜನ ಬಾಯ್ತುಂಬ ಚರ್ಚು ಅಂತಾರೆ, ಹಾಗೇ ಹಾಕಿ" ಎಂದು ಪಟ್ಟು ಹಿಡಿದರು. ನಾನೇನು ಕಡಿಮೆಯೇ? "ಗೋಡೆಗೆ ಸುಣ್ಣ ಹೊಡೆಸೋರಿಗೆ ಗ್ರೀಕು ಯಾಕ್ರೀ?" ಎಂದುಬಿಟ್ಟೆ. ಅಂದಿನಿಂದ ಮಾತು ಬಂದ್. ಮತ ಹಾಕಿದಾಗ ಅವರ ಪದವೇ ಗೆದ್ದಿತು.

ನಮ್ಮಲ್ಲೊಂದು ಪದ್ಧತಿ: ಯಾರ ಪದ ಗೆಲ್ಲುತ್ತದೋ ಅವರೇ ಕರಡನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ನಮ್ಮ ಟೈಪಿಸ್ಟಮ್ಮ ಹೇಳಿದ್ದನ್ನು ಹೇಳಿದಂತೆ ಮಾಡುವವರು. ಆ ಗ್ರೀಕ್ ಪದ ಇದ್ದಲ್ಲೆಲ್ಲ 'ಚರ್ಚು' ಹಾಕಿದ್ದರು. ಬೀಗರು ಕನ್ನಡಕ ಏರಿಸಿ, ಭಾನುವಾರದ ಪ್ರಸಂಗದ ಗಂಭೀರ ದನಿಯಲ್ಲಿ ಓದುತ್ತಾ ಹೋದರು. ಹೊಸ ಬೋಧನೆಯಿಂದ ತಮ್ಮ ವ್ಯಾಪಾರ ಕೆಡುತ್ತದೆಂದು ಬೆಳ್ಳಿ ಕೆಲಸದವರು ಊರನ್ನೆಲ್ಲ ನಾಟಕಶಾಲೆಗೆ ನುಗ್ಗಿಸುವ ಭಾಗ ಬಂತು. ಆ ಪುಂಡು ಗುಂಪಿಗೂ ಗ್ರೀಕಿನಲ್ಲಿ ಅದೇ ಪದ! ಚರ್ಚು ಬಾಯಿಗೆ ಬಂದಂತೆ ಕೂಗಾಡುತ್ತಿತ್ತಂತೆ, ತಾವು ಬಂದದ್ದು ಯಾತಕ್ಕೆಂದು ಬಹಳ ಮಂದಿಗೆ ಗೊತ್ತೇ ಇರಲಿಲ್ಲವಂತೆ.

ಓದು ಗಕ್ಕನೆ ನಿಂತಿತು. ನಾನು ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದೆ.

"ಇದು ನಮ್ಮ ಚರ್ಚಿನ ಹೋದ ವರ್ಷದ ವಾರ್ಷಿಕ ಕೂಟಾನೇ ಸರಿ!" ಎಂದವರೇ ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ತಡೆಯಲಾಗಲಿಲ್ಲ. ಟೈಪಿಸ್ಟಮ್ಮ ಮಾತ್ರ, "ನಂದೇನೂ ತಪ್ಪಿಲ್ಲ ಸಾರ್" ಎನ್ನುತ್ತಲೇ ಇದ್ದರು.

"ಹಾಕ್ಕೊಳ್ಳಿ ಬೀಗರೇ, ನಿಮ್ಮ ಸಭೇನೇ ಹಾಕ್ಕೊಳ್ಳಿ" ಎಂದು ತಮ್ಮ ಫ್ಲಾಸ್ಕಿನ ಟೀಯನ್ನು ಮುಚ್ಚಳಕ್ಕೆ ಬಗ್ಗಿಸಿ ನನ್ನ ಮುಂದಿಟ್ಟರು. ಆಮೇಲೆ ಮೆಲ್ಲಗೆ, "ಭಾನುವಾರ ಮನೆಗೆ ಬನ್ನಿ. ಸೊಸೆ ತುಂಬ ಸಪ್ಪಗಿದಾಳೆ" ಎಂದರು. ಟೀ ಆರಿಹೋಗಿತ್ತು, ಆದರೂ ಅಷ್ಟೂ ಕುಡಿದೆ. ಯೆಹೂದ್ಯರು ಪ್ರಾರ್ಥನೆಗೆ ಸೇರುವ 'ಸಿನಗಾಗ್' ಅನ್ನು ಏನೆನ್ನುವುದೆಂಬ ಚರ್ಚೆ ಇನ್ನೂ ಬಾಕಿ ಇದೆ. ಆಗ ನಾಲಿಗೆ ಬಿಗಿಹಿಡಿದು ವಾದಿಸುತ್ತೇನೆ, ನಿನ್ನಾಣೆ.

ನಿನ್ನನ್ನೂ ಅಳಿಯಂದಿರನ್ನೂ ಕಂದನನ್ನೂ ದೇವರು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ

ಮರೆತ ಮಾತು: ಮಗುವಿನ ದೀಕ್ಷಾಸ್ನಾನವೆಂದು ಟೈಪಿಸ್ಟಮ್ಮನಿಂದ ತಿಳಿದು ಅವತ್ತು ಚರ್ಚಿನ ತನಕ ಬಂದಿದ್ದೆ. ನನಗೆ ಕರೆ ಇರಲಿಲ್ಲವಲ್ಲ, ರಸ್ತೆಯ ಆಚೆ ಬದಿ ಸೈಕಲ್ ಅಂಗಡಿಯ ಮುಂದೆ ನಿಂತಿದ್ದೆ. ಹಾಡು ಕೇಳಿಸಿತು, ಹೆಸರಿಟ್ಟದ್ದು ಕೇಳಿಸಲಿಲ್ಲ. ಇವತ್ತು ಬೀಗರನ್ನು ಕೇಳಲು ನಾಚಿಕೆಯಾಯಿತು. ನನ್ನ ಮೊಮ್ಮಗಳ ಹೆಸರೇನಮ್ಮಾ?