ಕತ್ತಿಗೆ ಹಾಕದ ಅಂಕ

ಮುದ್ದು ಮಗಳೇ,

ಆಸ್ಪತ್ರೆಗೆ ಹೊರಡುವಾಗ ನಿನ್ನ ಕಂಪ್ಯೂಟರ್ ಆಟದ ಹುಡುಗಿಯನ್ನು ನನಗೊಪ್ಪಿಸಿ, "ಅಮ್ಮಾ, ಇವಳು ಹಿಂದೆ ಬೀಳಬಾರ್ದು, ನೋಡ್ಕೋ" ಅಂದಿದ್ದೆಯಲ್ಲ, ನೋಡಿಕೊಳ್ಳುತ್ತಿದ್ದೇನೆ. ಹೊಲಿಗೆ ಮುಗಿದ ಮೇಲೆ ಆಟಕ್ಕೆ ಕೂರುತ್ತೇನೆ. ತೋಳ ಎದುರಾದರೆ ನನ್ನ ಕಾಲು ಮೇಜಿನಡಿ ಹೊಲಿಗೆ ಮಷೀನಿನ ಪೆಡಲ್ ಹುಡುಕುತ್ತದೆ. ದೊಡ್ಡ ರಾಕ್ಷಸರ ತಂಟೆಗೆ ಹೋಗಿಲ್ಲ. ಊರಾಚೆಯ ಇಲಿ, ಕಪ್ಪೆಗಳನ್ನೇ ಬಡಿದು ಲೆವೆಲ್ ಏರಿಸಿದ್ದೇನೆ. ನಿನ್ನ ಅಣ್ಣ ಬಿದ್ದು ಬಿದ್ದು ನಗುತ್ತಾನೆ.

ಒಂದು ವಿಷಯಕ್ಕೆ ಸಿಟ್ಟಾಗಬೇಡ. ಲೆವೆಲ್ ಏರಿದಾಗಲೆಲ್ಲ ಸಿಗುವ ಅಂಕಗಳನ್ನು ಕತ್ತಿಯ ಬಲಕ್ಕೇ ಹಾಕು ಅಂತ ನೀನು ಹೇಳಿದ್ದೆ. ಪರದೆಯ ಮೇಲೆ ಕತ್ತಿ, ಮಂತ್ರ, ಓಟ, ಎಲ್ಲಕ್ಕಿಂತ ಕೆಳಗೆ ಜೀವ ಎಂದಿತ್ತು. ನನ್ನ ಕೈ ಬೇರೆಲ್ಲೂ ಹೋಗಲಿಲ್ಲ. ಎಲ್ಲವನ್ನೂ ಅಲ್ಲಿಗೇ ಸುರಿದೆ. "ಇವಳು ಯಾರನ್ನೂ ಸೋಲಿಸಲ್ಲ, ಆದ್ರೆ ಇವಳನ್ನ ಸಾಯಿಸೋಕೂ ಯಾರಿಂದಲೂ ಆಗಲ್ಲ" ಅಂದ ಅಣ್ಣ. ಹಾಕಿದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲವಂತೆ.

ಮಾತ್ರೆಗಳನ್ನು ದಿಂಬಿನಡಿ ಬಚ್ಚಿಡಬೇಡ. ಹಸಿರು ಅಂಗಿ ಹೊಲಿದು ಕಳಿಸಿದ್ದೇನೆ. ಒಳಗೆ ಬಟ್ಟೆ ಧಾರಾಳವಾಗಿ ಬಿಟ್ಟಿದ್ದೇನೆ, ಮಡಿಕೆ ಬಿಚ್ಚಿದರೆ ಮುಂದಿನ ವರ್ಷಕ್ಕೂ ಆಗುತ್ತದೆ.

ಬಯ್ಯುವುದಿದ್ದರೆ ಫೋನಿನಲ್ಲಿ ಬೇಡ, ಮನೆಗೇ ಬಂದು ಬಯ್ಯಿ.

ಬೈಸಿಕೊಳ್ಳಲು ಕಾಯುತ್ತಿರುವ,
ಅಮ್ಮ